ಹೆಜ್ಜೆ ಸಪ್ಪಳಕ್ಕೆ ಬೆಳಕು

ಅಥವಾ ವೈನಿ ಕೇಳಲೇ ಇಲ್ಲ, ನಾನೇ ಮುಂದೆ ಬಿದ್ದು ಆ ಬೆಳಕಿನ ಪಟ್ಟಿ ಮಾಡಿಕೊಟ್ಟೆನೇನೋ. ಈ ಘಟನೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹಾಗಾಗಿ ಈಗ ನೆನಪಿರುವುದು ನಾನು ಹೇಳಿದ್ದು ಮಾತ್ರ, ನಡೆದದ್ದಲ್ಲ ಎಂಬ ಅನುಮಾನ. ನನ್ನ ಕಥೆಯಲ್ಲಿ ಅವರು ಗೇಮ್‌ಪ್ಯಾಡನ್ನು ಮೇಜಿನ ಮೇಲೆ ಕುಕ್ಕಿ, "ಹಿಂದಿಂದ ಬಂದಾವ ಬಂದಾನ ಅಂತ ನನಗ ಹೆಂಗ ತಿಳೀಬೇಕ್ರಿ, ಭಾವೋಜಿ?" ಎಂದು ಕೇಳುತ್ತಾರೆ. ಅವರ ಗಂಡನ ಕಥೆಯಲ್ಲಿ ಅವರು ಏನೂ ಕೇಳುವುದಿಲ್ಲ. ಸೋತು, ಎದ್ದು, ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗಿಬಿಡುತ್ತಾರೆ. ವೈನಿಯನ್ನೇ ಕೇಳಿದರೆ, "ಯಾವತ್ತಿಂದ್ರಿ? ದಿನಾ ಸೋಲತಿದ್ವಿ" ಎನ್ನುತ್ತಾರೆ.

ಇಷ್ಟು ಮಾತ್ರ ಖಚಿತ. ಮಹಾರಾಷ್ಟ್ರದ ಇಚಲಕರಂಜಿಯ ಶಹಾಪುರ ಭಾಗದಲ್ಲಿ ಒಂದು ಪವರ್‌ಲೂಮ್ ಕಾರಖಾನೆ. ಅದರ ಮುಂಭಾಗದಲ್ಲಿ ಮಾಲೀಕರು ಬಿಟ್ಟುಹೋದ ಕಚೇರಿ ಕೋಣೆ. ಕೋಣೆಗೂ ಮಗ್ಗಗಳಿಗೂ ನಡುವೆ ಒಂದೇ ಗೋಡೆ. ವೈನಿ ಎಂದರೆ ಅತ್ತಿಗೆ, ಸಂಬಂಧವಿಲ್ಲದಿದ್ದರೂ ನಾನು ಕರೆಯುವುದು ಹಾಗೆ. ಅವರು ಅಲ್ಲಿ ಕಾಂಡಿ ಮಷಿನ್ ನಡೆಸುತ್ತಾರೆ, ಅಂದರೆ ಲಾಳಿಯೊಳಗೆ ಕೂರುವ ಕಡ್ಡಿಗೆ ನೂಲು ಸುತ್ತುವ ಕೆಲಸ. ಅವರ ಗಂಡ ಜಾಬರ್, ಮಗ್ಗಗಳು ಕೆಟ್ಟರೆ ರಿಪೇರಿ ಮಾಡುವವನು. ಹುಡುಗಿಯಾಗಿದ್ದಾಗಿನಿಂದ ಮಗ್ಗಗಳ ನಡುವೆಯೇ ಬೆಳೆದ ವೈನಿಗೆ ಕಿವಿ ಬಹುಪಾಲು ಕೇಳುವುದಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಾರೆ. ತಾವು ಮಾತಾಡುವಾಗ ಗೋಡೆಯಾಚೆಯವರಿಗೂ ಕೇಳುವಂತೆ ಮಾತಾಡುತ್ತಾರೆ.

ಕೊಲ್ಹಾಪುರದಲ್ಲಿದ್ದುಕೊಂಡು ಇಚಲಕರಂಜಿಯ ನೂಲು ವ್ಯಾಪಾರಿಗಳ ಕಚೇರಿಗಳ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುವುದು ನನ್ನ ಹೊಟ್ಟೆಪಾಡು. ಸಂಬಳವಿಲ್ಲದ ಇನ್ನೊಂದು ಕೆಲಸವೂ ಇದೆ. ಜಗತ್ತಿನ ಎಲ್ಲೆಲ್ಲೋ ಇರುವ ಜನ ಸೇರಿ ಬರೆದ, ಸಂಕೇತ ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಒಂದು ಮುಕ್ತ ತಂತ್ರಾಂಶದ ಆಟವಿದೆ. ಅದರ ಲಿನಕ್ಸ್ ಆವೃತ್ತಿಯನ್ನು ಕಟ್ಟಿ ಬಿಡುಗಡೆ ಮಾಡುವವರಲ್ಲಿ ನಾನೂ ಒಬ್ಬ. ಮಾಲೀಕರು ಬೇಡವೆಂದು ಎಸೆಯಹೊರಟಿದ್ದ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಆ ಕೋಣೆಯಲ್ಲಿ ಜೋಡಿಸಿದ್ದೆ. ಜಾಬರ್‌ಗೆ ಮೊದಲು ಬೇಕಾಗಿದ್ದದ್ದು ಎಲ್ಲರೂ ಆಡುವ ಒಂದು ಹೆಸರಾಂತ ಆಟ. ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ಹೊಂದಾಣಿಕೆಯ ಪದರ ಹಾಕಿ ಅದನ್ನು ಓಡಿಸಿದೆ. ಆಟ ತೆರೆಯಿತು, ನಕ್ಷೆ ಬಂತು. ಮೋಸ ತಡೆಯಲೆಂದು ಅದರೊಂದಿಗೆ ಬರುವ ಕಾವಲು ಪ್ರೋಗ್ರಾಂ ಲಿನಕ್ಸ್ ಎಂದು ಗೊತ್ತಾದ ಕೂಡಲೇ ನಮ್ಮನ್ನು ಹೊರಗೆ ದೂಡಿತು.

"ಒಳಗ ಕರದು, ಖುರ್ಚಿ ಮ್ಯಾಲ ಕುಂಡ್ರಿಸಿ, ಆಮ್ಯಾಲ ಎಬ್ಬಿಸಿ ಕಳಸ್ಯಾರಲ್ಲ ಸರ," ಎಂದ ಜಾಬರ್. "ಮದವ್ಯಾಗ ಹಿಂಗ ಮಾಡಿದ್ರ ಹೊಡದಾಟ ಆಗತಿತ್ತು."

ಹೀಗೆ ಅವರು ನಮ್ಮ ಮುಕ್ತ ಆಟಕ್ಕೆ ಬಂದರು. ಎರಡು ತಂಡ, ಓಣಿಗಳಂಥ ಕಿರುದಾರಿಗಳ ಕೋಟೆ. ಎದುರಾಳಿಯ ನಿಶಾನೆ, ಅಂದರೆ ಬಾವುಟ, ಕಿತ್ತು ತಂದರೆ ಗೆದ್ದಂತೆ. ವೈನಿ ನಿಶಾನೆ ಕಾಯುವವರು. ಹೆಜ್ಜೆ ಸಪ್ಪಳದಿಂದಲೇ ಎದುರಾಳಿಯ ಸುಳಿವು ಹಿಡಿಯಬೇಕಾದ ಜಾಗ ಅದು. ಬೇರೆ ಜಾಗ ಕೊಡುತ್ತೇವೆಂದರೆ ಒಪ್ಪಲಿಲ್ಲ. ಯಾಕೆಂದು ನಾನು ಕೇಳಿದ್ದಕ್ಕೆ ಅವರು ಹೇಳಿದ ಒಂದು ಮಾತು ಮಾತ್ರ ನನ್ನ ನೆನಪಿನ ಕಲಬೆರಕೆಯಲ್ಲ ಎಂದುಕೊಂಡಿದ್ದೇನೆ: "ಊರ ಮಂದಿ ನನ್ನ ಕೂಡ ಕೈ ಮಾಡಿ ಮಾತಾಡ್ತಾರ್ರಿ. ಇದರಾಗ ಯಾರೂ ಕೈ ಮಾಡಂಗಿಲ್ಲ. ನನಗ ಕೇಳಸಂಗಿಲ್ಲ ಅಂತ ಅವರಿಗೆ ಗೊತ್ತನ ಇಲ್ಲ."

ಮೊದಲ ಪ್ರಯತ್ನ ಗೇಮ್‌ಪ್ಯಾಡಿನ ಕಂಪನ. ಅದರೊಳಗೆ ಎರಡು ಪುಟ್ಟ ಮೋಟರುಗಳಿರುತ್ತವೆ. ಎಡಗಡೆ ಹೆಜ್ಜೆ ಸದ್ದಾದರೆ ಎಡ ಅಂಗೈ ನಡುಗಬೇಕು, ಬಲಗಡೆಯಾದರೆ ಬಲ. ಮನೆಯಲ್ಲಿ ಕೂತು ಬರೆದೆ, ಮನೆಯಲ್ಲೇ ಪರೀಕ್ಷಿಸಿದೆ, ಚೆನ್ನಾಗಿ ಕೆಲಸ ಮಾಡಿತು. ಶಹಾಪುರಕ್ಕೆ ತಂದೆ. ಗೋಡೆಯಾಚೆ ಮಗ್ಗಗಳು ಓಡುತ್ತಿದ್ದವು. ನೆಲ, ಮೇಜು, ಮೇಜಿನ ಮೇಲಿನ ಚಹದ ಕಪ್ಪು, ವೈನಿಯ ಮೊಣಕೈ, ಎಲ್ಲ ಸಣ್ಣಗೆ ನಡುಗುತ್ತಿದ್ದವು. ಆ ನಡುಕದಲ್ಲಿ ನನ್ನ ಮೋಟರುಗಳ ನಡುಕ ಕರಗಿಹೋಯಿತು.

"ಇದು ಯಾವಾಗ್ಲೂ ಅಲಗತೈತಲ್ರಿ?" ಎಂದು ವೈನಿ ಗೇಮ್‌ಪ್ಯಾಡನ್ನು ಕೆನ್ನೆಗೆ ಒತ್ತಿ ನೋಡಿದರು.

"ಕಾರಖಾನಿ ಬಂದ್ ಇದ್ದ ದಿನ ಆಡ ಅಂತ ಹೇಳ್ರಿ ಅಕಿಗೆ," ಎಂದ ಗಂಡ. ಅದು ತುಟಿ ನೋಡುತ್ತಿದ್ದ ವೈನಿಗೆ ತಿಳಿದೇ ತಿಳಿಯಿತು. "ನಿಮ್ಮ ಬಾಯಿ ಬಂದ್ ಇದ್ದ ದಿನ ಆಡ್ತೇನಿ," ಎಂದರು.

ಎರಡನೆಯ ಪ್ರಯತ್ನ ಬೆಳಕು. ಎಲ್ಲಿಂದಾದರೂ ಸದ್ದು ಬಂದರೆ ಪರದೆಯ ಅಂಚಿನಲ್ಲಿ ಆ ದಿಕ್ಕಿಗೆ ಒಂದು ಹಳದಿ ಪಟ್ಟಿ ಮಿಂಚುತ್ತದೆ; ಸದ್ದು ಹತ್ತಿರವಾದಷ್ಟೂ ಪಟ್ಟಿ ಗಾಢ. ಬರೆಯುವುದು ಕಷ್ಟವಾಗಲಿಲ್ಲ. ಯಾವ ಸದ್ದು ಎಲ್ಲಿ ಹುಟ್ಟಿತು ಎಂಬುದು ಹೇಗೂ ಆಟಗಾರನ ಕಂಪ್ಯೂಟರಿಗೆ ಬಂದಿರುತ್ತದೆ, ಇಲ್ಲವಾದರೆ ಸ್ಪೀಕರು ನುಡಿಸುವುದೇನನ್ನು? ಆ ಮಾಹಿತಿಯನ್ನು ಓದಿ ಬೆಳಕಾಗಿಸಿದೆ. ವೈನಿಯ ಯಂತ್ರಕ್ಕೆ ಹಾಕಿದೆ. ಆಮೇಲೂ ತಿದ್ದುತ್ತ ಹೋದೆ: ಪಟ್ಟಿಯ ಅಗಲ, ಬಣ್ಣ, ಬೇಗ ಆರುವುದು. ತಿದ್ದಿದ ಆವೃತ್ತಿಯನ್ನು ಕೊಲ್ಹಾಪುರದಿಂದಲೇ ಕಳಿಸುತ್ತಿದ್ದೆ. ಅಲ್ಲಿ ಕರೆಂಟು, ಇಂಟರ್ನೆಟ್ ಎರಡೂ ಇದ್ದಾಗ ಯಂತ್ರ ತಾನೇ ಎಳೆದುಕೊಳ್ಳುತ್ತಿತ್ತು.

ಶಹಾಪುರದ ತಂಡ ಗೆಲ್ಲತೊಡಗಿತು. ನಮ್ಮ ಭಾಗದ ಲಿನಕ್ಸ್ ಆಸಕ್ತರು ನಡೆಸುವ ಲೀಗಿನಲ್ಲಿ ಉಪಾಂತ್ಯಕ್ಕೆ ಬಂದು, ಕೊಲ್ಹಾಪುರದ ಒಂದು ಕಾಲೇಜು ತಂಡವನ್ನು ಆನ್‌ಲೈನಿನಲ್ಲಿ ಸೋಲಿಸಿತು. ನಾನು ಜಾಬರ್‌ನ ಹಿಂದೆ ನಿಂತು ಅವನ ಪರದೆ ನೋಡುತ್ತಿದ್ದೆ. ಕೊನೆಯ ಕ್ಷಣದಲ್ಲಿ ಅದರಲ್ಲಿ ವೈನಿ ಒಂದು ಖಾಲಿ ಗೋಡೆಯ ಕಡೆ ತಿರುಗಿ ನಿಂತರು. ಎದುರು ತಂಡದ ನಾಯಕ ಆ ಗೋಡೆಯ ಮೂಲೆಯಿಂದಲೇ ಬಂದ, ಸಿಕ್ಕಿಬಿದ್ದ. ಜಾಬರ್ ಹೆಂಡತಿಯ ಬೆನ್ನಿಗೆ ಗುದ್ದಿ, "ಜಿಂಕಲೋ!" ಎಂದು ಮರಾಠಿಯಲ್ಲಿ ಕೂಗಿದ. ಗೆಲುವು, ಸಿಟ್ಟು, ಕ್ರಿಕೆಟ್ಟು ಅವನಲ್ಲಿ ಮರಾಠಿಯಲ್ಲೇ ಬರುತ್ತವೆ.

ಕೆಲವೇ ದಿನಗಳಲ್ಲಿ ಆಟದ ಚರ್ಚಾಕಟ್ಟೆಯಲ್ಲಿ ದೂರು ಬಂತು. ಕಾಲೇಜು ತಂಡದ ನಾಯಕ ಪಂದ್ಯದ ರೆಕಾರ್ಡಿಂಗನ್ನು ಹಾಕಿ ಬರೆದಿದ್ದ: ಈ ಆಟಗಾರ ಗೋಡೆಯ ಹಿಂದಿನದನ್ನು ನೋಡುತ್ತಿದ್ದಾನೆ, ಇಷ್ಟು ದೂರದ ಹೆಜ್ಜೆ ಯಾವ ಕಿವಿಗೂ ಕೇಳುವುದಿಲ್ಲ. ಅವರು ಹೆಂಗಸೆಂದಾಗಲಿ, ಕಿವಿ ಕೇಳದವರೆಂದಾಗಲಿ ಅವನಿಗೆ ಗೊತ್ತಿರಲಿಲ್ಲ. ಪಟ್ಟಿಯ ವಿಷಯವನ್ನು ನಾನು ಹೇಳಿದೆ. ಅದರ ನಂತರ ಅದು ಅವನೊಬ್ಬನ ದೂರಾಗಿ ಉಳಿಯಲಿಲ್ಲ.

ಒಂದು ಗುಂಪು ಹೇಳಿತು: ಮೂಲ ಸಂಕೇತ ತೆರೆದಿಟ್ಟರೆ ಹೀಗೇ ಆಗುತ್ತದೆ, ನಮಗೂ ಒಂದು ಮುಚ್ಚಿದ ಕಾವಲು ಪ್ರೋಗ್ರಾಂ ಬೇಕು. ಇನ್ನೊಂದು ಗುಂಪು: ಮುಚ್ಚಿದ್ದನ್ನು ಒಳಗೆ ಬಿಟ್ಟ ದಿನ ಇದು ನಮ್ಮ ಆಟವಾಗಿ ಉಳಿಯುವುದಿಲ್ಲ. ಮೂರನೆಯವರು: ಕುಂಟನ ಕೋಲನ್ನು ಯಾರಾದರೂ ಮೋಸ ಎನ್ನುತ್ತಾರೆಯೇ? ಅದಕ್ಕೆ ಉತ್ತರ: ಓಟದ ಪಂದ್ಯದಲ್ಲಿ ಕೋಲಿಗೆ ಚಕ್ರವಿದ್ದರೆ ಅನ್ನಬೇಕಾಗುತ್ತದೆ. ಆಟದ ಮುಖ್ಯ ನಿರ್ವಾಹಕರು, ನಾನು ಎಂದೂ ಮುಖ ನೋಡಿರದ ದೂರ ದೇಶದವರು, ಒಂದೇ ಪ್ರಶ್ನೆ ಕೇಳಿದರು: "ಕಿವಿ ಕೇಳುವವನು ಈ ಪಟ್ಟಿ ಹಾಕಿಕೊಂಡರೆ ಅವನಿಗೆ ಲಾಭವಿದೆಯೇ?" ಅವರು ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ನೆನಪಿಸಿಕೊಳ್ಳುವಾಗ ಏನೋ ಉದುರಿರಬೇಕು.

ಲೀಗಿನವರು ಶಹಾಪುರದ ತಂಡವನ್ನು ತಡೆಹಿಡಿದರು. ಪಟ್ಟಿ ಮೋಸವೆಂದು ತೀರ್ಮಾನವಾದರೆ ಗೆಲುವು ರದ್ದು, ವೈನಿ ಲೀಗಿನಿಂದ ಕಾಯಂ ಹೊರಗೆ. ಅಲ್ಲವೆಂದಾದರೆ ಕೊಲ್ಹಾಪುರದಲ್ಲಿ ಅಂತಿಮ ಪಂದ್ಯ.

ನಿರ್ವಾಹಕರ ಪ್ರಶ್ನೆಗೆ ಉತ್ತರಿಸಲು ನನ್ನದೇ ಸಂಕೇತವನ್ನು ಮತ್ತೆ ಓದಿದೆ. ಆಟದೊಳಗೆ ಸದ್ದಿನ ಪಯಣ ಹೀಗಿದೆ: ಮೊದಲು ಹುಟ್ಟಿದ ಜಾಗ, ಆಮೇಲೆ ದೂರಕ್ಕೆ ತಕ್ಕಂತೆ ಕ್ಷೀಣಿಸುವುದು, ಆಮೇಲೆ ಗೋಡೆ ಅಡ್ಡವಿದ್ದರೆ ಇನ್ನಷ್ಟು ತಗ್ಗುವುದು, ಕೊನೆಗೆ ಸ್ಪೀಕರು. ನನ್ನ ಮೊದಲ ಆವೃತ್ತಿ ಮಾಹಿತಿ ಓದುತ್ತಿದ್ದದ್ದು ಈ ಸಾಲಿನ ಆರಂಭದಲ್ಲಿ. ಅಂದರೆ ಸ್ಪೀಕರಿಗೆ ತಲುಪುವ ಮೊದಲೇ ಸತ್ತುಹೋಗುವ ಸದ್ದುಗಳಿಗೂ ಅದು ಪಟ್ಟಿ ಮಿಂಚಿಸುತ್ತಿತ್ತು. ಯಾವ ಕಿವಿಗೂ ಕೇಳದ್ದು ವೈನಿಗೆ ಕಾಣುತ್ತಿತ್ತು. ಮುಂದಿನ ಒಂದು ತಿದ್ದುಪಡಿಯಲ್ಲಿ, ಪಟ್ಟಿ ಸಿಕ್ಕಾಪಟ್ಟೆ ಮಿನುಗುತ್ತದೆ ಎಂಬ ಬೇರೆಯದೇ ಕಾರಣಕ್ಕೆ, ಓದುವ ಜಾಗವನ್ನು ಸಾಲಿನ ಕೊನೆಗೆ ಸರಿಸಿದ್ದೆ. ಆ ತಿದ್ದುಪಡಿ ನಾನು ಬರೆದದ್ದು ಉಪಾಂತ್ಯ ಪಂದ್ಯಕ್ಕಿಂತ ಮುಂಚೆ. ಆದರೆ ಬರೆದದ್ದು ಬೇರೆ, ಶಹಾಪುರದ ಯಂತ್ರ ಅದನ್ನು ಎಳೆದುಕೊಂಡದ್ದು ಬೇರೆ. ಪಂದ್ಯವಾದ ಮೇಲೆ ಆ ಯಂತ್ರದ ಡಿಸ್ಕ್ ಕೆಟ್ಟಿತ್ತು, ಹೊಸದು ಹಾಕಿ ಎಲ್ಲವನ್ನೂ ಮೊದಲಿನಿಂದ ತುಂಬಿಸಿದ್ದೆ. ಪಂದ್ಯದ ರೆಕಾರ್ಡಿಂಗಿನಲ್ಲಿ ಆಟಗಾರರ ಚಲನೆಯಿರುತ್ತದೆ. ಅವರ ಪರದೆಯ ಮೇಲೆ ಏನು ಮಿಂಚಿತು ಎಂಬುದಿರುವುದಿಲ್ಲ.

ಪಂದ್ಯದ ದಿನ ಆ ಯಂತ್ರದಲ್ಲಿದ್ದದ್ದು ಯಾವ ಆವೃತ್ತಿಯೆಂದು ಹೇಳಲು ದಾರಿಯಿರಲಿಲ್ಲ. ಮುಂದಿನದನ್ನಾದರೂ ಕಿವಿಗೆ ಸಮ ಮಾಡೋಣವೆಂದು ಹೊರಟೆ. ಆದರೆ ಕಿವಿಗೆ ಎಷ್ಟು ಗೊತ್ತಾಗುತ್ತದೆ? ಮಗ್ಗಗಳಿಗೆ ವಾರದ ರಜೆ ಇದ್ದ ದಿನ ಗಡಹಿಂಗ್ಲಜದಿಂದ ಗೆಳೆಯನನ್ನು ಕರೆಸಿದೆ. ಅವನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾನೆ, ಅಲ್ಲಿನವರೆಲ್ಲರಂತೆ ಫುಟ್‌ಬಾಲ್ ಹುಚ್ಚ, ಮುಕ್ತ ತಂತ್ರಾಂಶದಲ್ಲಿ ಕಡುಮಡಿ. ಸಂಕೇತ ತೋರಿಸದ ಯಾವುದನ್ನೂ, ಗ್ರಾಫಿಕ್ಸ್ ಡ್ರೈವರನ್ನೂ ಸಹ, ತನ್ನ ಲ್ಯಾಪ್‌ಟಾಪಿಗೆ ಮುಟ್ಟಿಸುವುದಿಲ್ಲ.

"ಆಟದ ಬಗ್ಗೆ ಭಾಳ ಭಾಷಣ ಮಾಡ್ತಾನ ಇಂವ," ಎಂದು ಜಾಬರ್ ನನಗೆ ಹೇಳಿದ, ಅವನಿಗೆ ಕೇಳುವಂತೆ. "ಇವನ ಲ್ಯಾಪ್‌ಟಾಪಿನ್ಯಾಗ ಆಟ ಓಡಂಗನ ಇಲ್ಲ."

"ಓಡ್ತೈತಿ. ಸಾವಕಾಶ ಓಡ್ತೈತಿ," ಎಂದ ಗೆಳೆಯ.

ನಿಂತ ಮಗ್ಗಗಳ ನಡುವೆ ಅವನ ಕಣ್ಣಿಗೆ ಪಂಚೆ ಕಟ್ಟಿ ಕೂರಿಸಿದೆವು. ವೈನಿ ಬರಿಗಾಲಲ್ಲಿ ಸುತ್ತ ನಡೆದು ಖಾಲಿ ಕಾಂಡಿಯೊಂದನ್ನು ನೆಲಕ್ಕೆ ಬೀಳಿಸುವುದು, ಅವನು ಸದ್ದಿನ ಕಡೆ ಬೆರಳು ತೋರುವುದು, ನಾನು ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಗೆರೆ ಎಳೆಯುವುದು. ಎಡ, ಬಲ ಚೆನ್ನಾಗಿ ಹೇಳಿದ. ನೇರ ಹಿಂದೆ ಬೀಳಿಸಿದರೆ ಮತ್ತೆ ಮತ್ತೆ ಮುಂದೆ ತೋರಿಸಿದ. ಜಾಬರ್ ಕೂತ, ನಾನು ಕೂತೆ. ನಮ್ಮ ಹಣೆಬರಹವೂ ಅದೇ.

"ಹಿಂದ ಬಿದ್ದದ್ದು ನಿಮಗ ತಿಳಿಯಂಗಿಲ್ಲ?" ಎಂದು ವೈನಿ ನಮ್ಮ ಮೂವರನ್ನೂ ನೋಡಿದರು.

"ತಿಳಿಯಂಗಿಲ್ರಿ," ಎಂದೆ.

"ಹಂಗಾರ ಇಷ್ಟ ವರ್ಷ ನಿಮ್ಮ ಕಿವಿ ಇಟಗೊಂಡು ಏನ್ ಮಾಡಾಕತ್ತೀರಿ?"

ಅವರು ಅಷ್ಟು ನಕ್ಕದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ. ಪಟ್ಟಿಯನ್ನು ಆ ಸುಣ್ಣದ ಗೆರೆಗಳಷ್ಟೇ ಮಬ್ಬು ಮಾಡಿದೆ. ಎಡಕ್ಕೊಂದು ಅಗಲ ಪಟ್ಟಿ, ಬಲಕ್ಕೊಂದು. ಹಿಂದೆ ಮುಂದೆ ಎಂಬ ಭೇದ ತೆಗೆದೆ. ಹೇಗೆ ಅಳೆದೆವೆಂದು ಬರೆದು, ಆಟದ ಎಲ್ಲರಿಗೂ ಸಿಗುವಂತೆ ಒಳಗೆ ಸೇರಿಸಿಕೊಳ್ಳಿ ಎಂದು ಕಳಿಸಿದೆ.

ಮುಖ್ಯ ನಿರ್ವಾಹಕರು ಒಪ್ಪಿದರು. ಒಂದು ಷರತ್ತು, ಅದೂ ಎಲ್ಲರಿಗೂ ಹಾಕುವ ಮಾಮೂಲು ಷರತ್ತು: ನನ್ನ ಹಲವಾರು ತಿದ್ದುಪಡಿಗಳನ್ನು ಒಂದರೊಳಗೊಂದು ಒತ್ತಿ, ಕೊನೆಯ ರೂಪವನ್ನಷ್ಟೇ ಒಂದೇ ಬದಲಾವಣೆಯಾಗಿ ಕಳಿಸಬೇಕು. ಮಧ್ಯದ ತಪ್ಪುಹೆಜ್ಜೆಗಳು ಸಂಕೇತದ ಇತಿಹಾಸದಲ್ಲಿ ಕಸ. ಹೀಗೆ ಒತ್ತಿದರೆ, ಈ ಪಟ್ಟಿ ಮೊದಲ ದಿನದಿಂದಲೂ ಕಿವಿಯಷ್ಟೇ ಮಂದವಾಗಿತ್ತು ಎಂಬಂತೆ ಕಾಣುತ್ತಿತ್ತು. ಲೀಗಿನವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಾನು ಸುಳ್ಳು ಹೇಳುವ ಪ್ರಸಂಗವೂ ಇರಲಿಲ್ಲ. ನಿಯಮ ಪಾಲಿಸಿದರೆ ಸಾಕಿತ್ತು.

ನಿಯಮದ ಬಗ್ಗೆ ಕೇಳಲು ಗಡಹಿಂಗ್ಲಜಕ್ಕೆ ಹೋದೆ. ಗೆಳೆಯ ಮೈದಾನದಂಚಿನಲ್ಲಿ ಕೂತು ಪಂದ್ಯ ನೋಡುತ್ತಿದ್ದ. ಸಂಕೇತ ತೆರೆದಿಡುವುದೆಂದರೆ ಅದು ಹೇಗೆ ಬಂತೆಂಬುದನ್ನೂ ತೆರೆದಿಡುವುದು ಎಂದ. "ಒತ್ತಿದಿ ಅಂದ್ರ ಅದು ಇತಿಹಾಸ ಅಲ್ಲೋ, ಲಗ್ನಪತ್ರಿಕೆ. ಎಲ್ಲಾ ಚಂದ ಚಂದ," ಎಂದ. ಆಮೇಲೆ ರೆಫರಿಗೆ ಒಂದು ಬೈಗುಳ ಎಸೆದ. ಅವನಿಗೆ ಸುಲಭ. ವೈನಿಯ ಕಣ್ಣೆದುರು ನಿಂತು ಹೇಳಬೇಕಾದವನು ಅವನಲ್ಲ.

ಶಹಾಪುರದ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಹೇಳಿದೆ, ತುಟಿ ಕಾಣುವಂತೆ, ನಿಧಾನವಾಗಿ. ಪಾಳಿ ಮುಗಿದಿತ್ತು, ವೈನಿಯ ಕೂದಲಲ್ಲಿ ಹತ್ತಿಯ ಧೂಳಿತ್ತು.

ಜಾಬರ್‌ಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗಿಯೇ ಸಿಟ್ಟು ಬಂತು. "ನಮ್ಮ ಧಂದೇದಾಗ ಮಗ್ಗದ ಸೆಟ್ಟಿಂಗ್ ಒಬ್ಬ ಜಾಬರ್ ಇನ್ನೊಬ್ಬಗ ತೋರಸಂಗಿಲ್ಲ ಸರ. ನೀವು ಸೆಟ್ಟಿಂಗೂ ಕೊಟ್ರಿ, ಈಗ ಮೊದಲ ಕೆಟ್ಟಿದ್ದನ್ನೂ ಜಗತ್ತಿಗೆ ತೋರಸ್ತೇನಿ ಅಂತೀರಿ. ಕಶಾಲಾ? ಯಾಕ ಬೇಕ್ರಿ ಇದು? ಯಾರ ಕೇಳ್ಯಾರ?"

"ಯಾರೂ ಕೇಳಿಲ್ಲ."

ವೈನಿ ಮಾತಾಡಿದಾಗ, ಅಪರೂಪಕ್ಕೆ, ಸಣ್ಣ ದನಿಯಲ್ಲಿ ಮಾತಾಡಿದರು. "ಒತ್ತರಿ. ಗೆದ್ದದ್ದು ಗೆದ್ದದ್ದು. ನಿಮ್ಮ ಖರೇತನಕ್ಕ ನನ್ನ ಆಟ ಯಾಕ ಕೆಡಸ್ತೀರಿ?"

"ಅಲ್ಲಿ ಹಳೇ ಪಟ್ಟಿ ಇತ್ತೋ ಹೊಸಾದ ಇತ್ತೋ ನನಗ ಗೊತ್ತಿಲ್ಲ ವೈನಿ."

"ನನಗ ಗೊತ್ತೈತಿ ಅಂತೀರೇನು?"

ಕೊಲ್ಹಾಪುರಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಒತ್ತುವುದೆಂದೇ ತೀರ್ಮಾನಿಸಿದ್ದೆ. ಮನೆಗೆ ಬಂದು ಕಂಪ್ಯೂಟರಿಗೆ ಒತ್ತುವ ಆದೇಶ ಬರೆದೆ. ಆ ಸಾಲಿನ ಕೊನೆಯಲ್ಲಿ ಮಿಣುಕುವ ಗೆರೆಯನ್ನು ನೋಡುತ್ತ ಕೂತೆ. ಯಾಕೆ ಒತ್ತಲಿಲ್ಲ ಎಂಬುದಕ್ಕೆ ಈಗ ಒಳ್ಳೆಯ ಕಾರಣಗಳು ಹೊಳೆಯುತ್ತವೆ. ಆಗ ಯಾವುದಿತ್ತೋ ಹೇಳಲಾರೆ. ಸಿಟ್ಟೂ ಇದ್ದಿರಬಹುದು. ಎಲ್ಲ ತಿದ್ದುಪಡಿಗಳನ್ನು ಹಾಗೆಯೇ ಬಿಟ್ಟು, ಮೊದಲನೆಯದರಲ್ಲಿ ಏನು ತಪ್ಪಿತ್ತೆಂದು ಎರಡು ಸಾಲು ಸೇರಿಸಿದೆ. ಕಳಿಸುವ ಮೊದಲು ಜಾಬರ್‌ನ ಫೋನಿಗೆ ಸಂದೇಶ ಹಾಕಿದೆ: ನಾನು ಒತ್ತುತ್ತಿಲ್ಲ, ಬೆಳಿಗ್ಗೆ ಕಳಿಸುತ್ತೇನೆ, ಬೈಯುವುದಿದ್ದರೆ ಅಷ್ಟರೊಳಗೆ ಬೈಯಿರಿ.

ಬೆಳಿಗ್ಗೆ ಫೋನ್ ಬಂತು. ಹಿಂದೆ ಮಗ್ಗಗಳ ಗದ್ದಲ. ಕಿವಿ ಕೇಳದ ಹೆಂಗಸು ಫೋನಿನಲ್ಲಿ ಮಾತಾಡುವುದೆಂದರೆ ಒಂದೇ ದಿಕ್ಕಿನ ಮಾತು. "ಕಳಸ್ರಿ," ಎಂದು ಕೂಗಿದರು. "ಆದ್ರ ಆ ಕಾಲೇಜಿನ ಹುಡುಗುರನ್ನ ಮತ್ತ ಕರೀರಿ. ಎದರಾಎದರ ಆಡ್ತೇನಿ. ನಿಮ್ಮ ಮಬ್ಬ ಪಟ್ಟಿ ಹಚಗೊಂಡನ ಆಡ್ತೇನಿ. ನೀವು ಹ್ಞೂಂ ಅಂದ್ರೂ ನನಗ ಕೇಳಸಂಗಿಲ್ಲ, ಇಡ್ತೇನಿ."

ಮುಖ್ಯ ನಿರ್ವಾಹಕರು ಒತ್ತದ ಇತಿಹಾಸವನ್ನು ಈ ಒಂದು ಸಲಕ್ಕೆ ಎಂದು ಹೇಳಿ ಸೇರಿಸಿಕೊಂಡರು. ನಿರೀಕ್ಷಿಸಿದಂತೆ ಜನ ಮೊದಲ ತಿದ್ದುಪಡಿಯನ್ನೇ ಹೆಕ್ಕಿ ತೆಗೆದರು. ಲೀಗಿನವರು ವೈನಿಯನ್ನು ಹೊರಗೆ ಹಾಕಲಿಲ್ಲ, ಗೆಲುವನ್ನು ಮಾತ್ರ ಬದಿಗಿಟ್ಟು ಮರುಪಂದ್ಯಕ್ಕೆ ಒಪ್ಪಿದರು.

ಕೊಲ್ಹಾಪುರದಲ್ಲಿ ಬಾಡಿಗೆಗೆ ಹಿಡಿದ ಒಂದು ಸಭಾಂಗಣ. ಕಾಲೇಜು ತಂಡದ ನಾಯಕ ವೈನಿಯನ್ನು ನೋಡಿ, ಇವರ ಜೊತೆ ಯಾರು ಬಂದಿದ್ದಾರೆ ಎಂಬಂತೆ ಅವರ ಹಿಂದೆ ಇಣುಕಿದ. ತಿಳಿದ ಮೇಲೆ ಅವನ ಮುಖ ಕೆಂಪಾಯಿತು. ಏನೋ ಹೇಳಲು ಕೈಯಾಡಿಸಿದ. ವೈನಿ, "ಕೈ ಮಾಡಬ್ಯಾಡೋ ತಮ್ಮಾ, ಆಟ ಹಚ್ಚ," ಎಂದರು. ಅವನಿಗೆ ಕನ್ನಡ ಬಾರದು. ಜಾಬರ್ ಮರಾಠಿಯಲ್ಲಿ ಹೇಳಿದ, ಕೊನೆಗೊಂದು ಕೊಂಕು ಸೇರಿಸಿ. ಆ ಹುಡುಗನೂ ಪರದೆಯಂಚಿನ ಪಟ್ಟಿ ಹಾಕಿಕೊಂಡೇ ಕೂತ. ತನಗೂ ಅದು ಹಿಡಿಸಿದೆ, ಹೆಡ್‌ಫೋನ್ ಹಾಕಿದರೆ ತಲೆ ಬಿಸಿಯಾಗುತ್ತದೆ ಎಂದ. ಇದನ್ನೇ ಹಿಡಿದು ಚರ್ಚಾಕಟ್ಟೆಯಲ್ಲಿ ಇನ್ನೂ ಜಗಳ ನಡೆಯುತ್ತಿದೆ.

ಸಭಾಂಗಣದ ನೆಲ ನಡುಗುತ್ತಿರಲಿಲ್ಲ. ವೈನಿ ಮತ್ತೆ ಮತ್ತೆ ಕಾಲು ಎತ್ತಿಡುತ್ತಿದ್ದರು, ತಣ್ಣಗಿನ ನೀರಿನಲ್ಲಿ ನಿಂತವರಂತೆ. ನಿಶಾನೆಯನ್ನು ಬಹಳ ಹೊತ್ತು ಕಾದರು. ಕೊನೆಗೆ ನಾಯಕ ನೇರ ಹಿಂದಿನಿಂದ ಬಂದು ಕಿತ್ತುಕೊಂಡು ಹೋದ. ಎರಡೂ ಪಟ್ಟಿಗಳು ಒಟ್ಟಿಗೆ ಮಿಂಚಿದ್ದನ್ನು ನಾನು ನೋಡಿದೆ. ಹಿಂದೆಯೋ ಮುಂದೆಯೋ ಹೇಳದಂತೆ ಮಾಡಿದ್ದು ನಾನೇ. ಶಹಾಪುರ ಸೋತಿತು.

ವೈನಿ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡರು. ಹೊರಗೆ ಮಿಸಳ-ಪಾವು ತಿನ್ನುವಾಗ ನಾನು ಬರೆದು ಕೇಳಿದೆ: ಅವತ್ತು ಗೋಡೆ ಕಡೆ ಯಾಕೆ ತಿರುಗಿದಿರಿ? ಓದಿ, ಪಾವು ಅದ್ದಿಕೊಂಡು ಹೇಳಿದರು: "ಅಂವ ಅವತ್ತ ಮೊದಲೂ ಅಲ್ಲಿಂದನ ಬಂದಿದ್ನಲ್ರಿ. ಮಂದಿಗೆ ಒಂದ ದಾರಿ ರೂಢಿ ಆಗತೈತಿ."

ಮನೆಗೆ ಬಂದು ಉಪಾಂತ್ಯದ ರೆಕಾರ್ಡಿಂಗ್ ತೆರೆದು ನೋಡಿದೆ. ಹೌದು, ಅವನು ಅದಕ್ಕೂ ಮುಂಚೆ ಅದೇ ಮೂಲೆಯಿಂದ ಬಂದಿದ್ದ. ಬೇರೆ ಮೂಲೆಗಳಿಂದಲೂ ಬಂದಿದ್ದ. ವೈನಿ ಈಗಲೂ ಆಡುತ್ತಾರೆ, ನಿಶಾನೆಯನ್ನೇ ಕಾಯುತ್ತಾರೆ, ಗೆಲ್ಲುತ್ತಾರೆ, ಸೋಲುತ್ತಾರೆ. ಆ ಉಪಾಂತ್ಯದ ದಿನ ಅವರು ಗೋಡೆಯ ಕಡೆ ತಿರುಗಿದ್ದು ಎದುರಾಳಿಯ ರೂಢಿಯನ್ನು ಓದಿಯೋ, ಯಾವ ಕಿವಿಗೂ ಕೇಳದ ಹೆಜ್ಜೆಗೆ ನನ್ನ ಹಳೆಯ ಪಟ್ಟಿ ಮಿಂಚಿದ್ದಕ್ಕೋ, ನನಗೆ ಗೊತ್ತಿಲ್ಲ. ಅವರಿಗೆ ಗೊತ್ತಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.